ನೋವಾಗದ ಜಾಗ

"ಅಂಗಿ ಸ್ವಲ್ಪ ಮೇಲೆತ್ತಿ ಅಜ್ಜ, ಹೊಟ್ಟೆ ನೋಡಬೇಕು" ಎಂದಳು ದೊಡ್ಡಕ್ಕ.

ಟೈಲರ್ ಅಜ್ಜ ಕೈಯಲ್ಲಿದ್ದ ದಿಂಬಿನ ಕವರನ್ನು ಪಕ್ಕಕ್ಕಿಟ್ಟ. ಸೂಜಿಯನ್ನು ಕಾಲರಿಗೆ ಸಿಕ್ಕಿಸಿಕೊಂಡ. ಹುಣ್ಣಾಗಿರುವುದು ಕಾಲಿಗೆ, ನೋಡುವುದು ಹೊಟ್ಟೆಯನ್ನು, ಇದೆಂಥ ವೈದ್ಯವೋ ಎಂದು ಅವನ ಮುಖವೇ ಕೇಳುತ್ತಿತ್ತು. ಆದರೂ ಬೆಳಗಿನ ತಿಂಡಿಗೆ ಮುಂಚೆ ನರ್ಸಮ್ಮನ ಜೊತೆ ಜಗಳ ಯಾಕೆಂದು ಸುಮ್ಮನೆ ಅಂಗಿ ಎತ್ತಿದ.

ಮೊನ್ನೆ ಮಧ್ಯಾಹ್ನ ಇದೇ ಮಂಚದ ಮೇಲೆ ಅಜ್ಜ ಬೆವರಿನಲ್ಲಿ ತೊಯ್ದು, ಕೂಗಿದರೂ ಓಗೊಡದೆ ಬಿದ್ದಿದ್ದ. ರಕ್ತದ ಸಕ್ಕರೆ ಪಾತಾಳಕ್ಕಿಳಿದಿತ್ತು. ಅದಕ್ಕೆ ಸ್ವಲ್ಪ ಮುಂಚೆ ಅವನಿಗೆ ಇನ್ಸುಲಿನ್ ಚುಚ್ಚಿದ್ದವಳು ವಾರ್ಡಿಗೆ ಹೊಸದಾಗಿ ಸೇರಿದ ನರ್ಸ್ ಹುಡುಗಿ.

ಹುಡುಗಿ ಸಿರಿಂಜಿಗೆ ಹೆಚ್ಚು ಔಷಧಿ ಎಳೆದುಬಿಟ್ಟಿದ್ದಾಳೆ ಎಂದು ಇಡೀ ಆಸ್ಪತ್ರೆ ತೀರ್ಮಾನ ಮಾಡಿ ಕೈ ತೊಳೆದುಕೊಂಡಿತ್ತು. ಇವತ್ತು ಮಧ್ಯಾಹ್ನ ನರ್ಸ್‌ಗಳ ಮೇಲ್ವಿಚಾರಕಿ ಅವಳನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಎಂದು ಹೇಳುವವರಿದ್ದರು. ಬೇಡ ಎಂದೇ ಹೇಳುತ್ತಾರೆಂದು ಅಡುಗೆಮನೆಯವರಿಗೂ ಗೊತ್ತಿತ್ತು.

ದೊಡ್ಡಕ್ಕ ಮಾತ್ರ ಒಪ್ಪಿರಲಿಲ್ಲ. ವಾರ್ಡಿನ ಜವಾಬ್ದಾರಿ ಅವಳದು. ಅವಳಿಗಿಂತ ವಯಸ್ಸಾದವರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು, ಅವಳೂ ಬೇಡ ಅಂದವಳಲ್ಲ. ಯಾರ ಮಂಚದಿಂದ ಯಾರ ಮಂಚಕ್ಕೆ ಬಾಳೆಹಣ್ಣು ಹೋಯಿತು ಎನ್ನುವುದರಿಂದ ಹಿಡಿದು ಎಲ್ಲದರಲ್ಲೂ ಮೂಗು ತೂರಿಸುವ ಸ್ವಭಾವ. ಆ ಮೂಗಿನಿಂದಲೇ ಎಷ್ಟೋ ಜನ ಬದುಕಿಕೊಂಡಿದ್ದರು ಎನ್ನುವುದು ಬೇರೆ ಮಾತು.

ಅವಳು ಅಂಗೈ ಎರಡನ್ನೂ ಉಜ್ಜಿ ಬೆಚ್ಚಗೆ ಮಾಡಿಕೊಂಡು ಅಜ್ಜನ ಹೊಟ್ಟೆಯ ಮೇಲಿಟ್ಟಳು. ಎಡಗಡೆ ಏನಿಲ್ಲ. ಹೊಕ್ಕುಳ ದಾಟಿ ಬಲಗಡೆ ಬಂದಾಗ ಬೆರಳು ನಿಂತಿತು. ಕಣ್ಣಿಗೆ ಅಷ್ಟಾಗಿ ಕಾಣದ ಒಂದು ಉಬ್ಬು ಅಲ್ಲಿತ್ತು. ಅಂಗಿಯ ಒಳಗೆ ಒಂದಿಷ್ಟು ಹತ್ತಿ ಇಟ್ಟು ಹೊಲಿದ ಹಾಗೆ ಮೆತ್ತಗೆ ಒತ್ತಿಕೊಳ್ಳುತ್ತಿತ್ತು.

ಇಲ್ಲಿ ಒತ್ತಿದರೆ ನೋವಾಗುತ್ತದಾ ಎಂದು ಕೇಳಿದಳು.

ಅಜ್ಜನ ಮುಖ ಅರಳಿತು. "ಅದೇ ಕಣಮ್ಮ ನನ್ನ ನೋವಾಗದ ಜಾಗ. ನಮ್ಮನೆಯವಳು ಹುಡುಕಿದ್ದು. ಅಲ್ಲಿ ಚುಚ್ಚಿದ್ರೆ ಚುಚ್ಚಿದ್ದೇ ಗೊತ್ತಾಗಲ್ಲ."

"ಯಾವಾಗ್ಲೂ ಅಲ್ಲೇ ಚುಚ್ಚೋದಾ?"

"ಮತ್ತೆ? ನೋವಾಗೋ ಕಡೆ ಚುಚ್ಚಿಸ್ಕೊಳ್ಳೋಕೆ ನಂಗೇನು ಹುಚ್ಚಾ?"

ದೊಡ್ಡಕ್ಕನಿಗೆ ನಗು ಬಂತು. ನಿನ್ನೆ ಭೇಟಿಯ ಹೊತ್ತಿನಲ್ಲಿ ಅಜ್ಜಿ ಹೇಳಿದ ಮಾತು ಈಗ ಸರಿಯಾಗಿ ಕೂತುಕೊಂಡಿತು. ಮನೆಯಲ್ಲಿ ವರ್ಷಗಳಿಂದ ಅಜ್ಜನಿಗೆ ಇಂಜೆಕ್ಷನ್ ಕೊಡುತ್ತಿದ್ದವಳು ಅಜ್ಜಿಯೇ. ಎಷ್ಟು ಕೊಟ್ಟರೂ ಸಕ್ಕರೆ ಜಗ್ಗುತ್ತಿರಲಿಲ್ಲ, ಡೋಸು ಏರುತ್ತಲೇ ಹೋಯಿತು ಎಂದು ಅವಳು ಗೊಣಗಿದ್ದಳು. ಗಂಡ ಕದ್ದು ಸಿಹಿ ತಿನ್ನುತ್ತಾನೆಂದು ಅವಳ ಗುಮಾನಿ. ಪಾಪ, ಈ ಒಂದು ವಿಷಯದಲ್ಲಾದರೂ ಅಜ್ಜ ನಿರಪರಾಧಿ.

ಒಂದೇ ಕಡೆ ಚುಚ್ಚಿ ಚುಚ್ಚಿ ಚರ್ಮದ ಕೆಳಗೆ ಕೊಬ್ಬಿನ ಗಂಟು ಕಟ್ಟಿತ್ತು. ಗಂಟಿಗೆ ಸ್ಪರ್ಶ ಕಡಿಮೆ, ಅದಕ್ಕೇ ನೋವಿಲ್ಲ. ಆದರೆ ಅಲ್ಲಿ ಹಾಕಿದ ಔಷಧಿ ನೆಟ್ಟಗೆ ರಕ್ತಕ್ಕೆ ಇಳಿಯುವುದಿಲ್ಲ. ಸ್ವಲ್ಪ ಇಳಿಯುತ್ತದೆ, ಮಿಕ್ಕಿದ್ದು ಅಲ್ಲೇ ಕುಳಿತು ತನಗೆ ಬೇಕಾದಾಗ ಹೊರಡುತ್ತದೆ.

ಆಸ್ಪತ್ರೆಗೆ ಬಂದ ಮೇಲೂ ಅಜ್ಜ ಬೆರಳಿಟ್ಟು ತೋರಿಸುತ್ತಿದ್ದದ್ದು ಅದೇ ಜಾಗವನ್ನು. ವಾರ್ಡಿನ ಹೆಣ್ಣುಮಕ್ಕಳೆಲ್ಲ ಅವನು ಕೇಳಿದ ಕಡೆಯೇ ಚುಚ್ಚುತ್ತಿದ್ದರು. ಇಲ್ಲ ಅನ್ನುವುದು ಹೇಗೆ? ಬಂದ ದಿನದಿಂದ ಅವನು ಒಬ್ಬಳ ಯೂನಿಫಾರ್ಮಿನ ಸೊಂಟ ಸಡಿಲಿಸಿಕೊಟ್ಟಿದ್ದ, ಇನ್ನೊಬ್ಬಳ ಜೇಬು ಹೊಲಿದುಕೊಟ್ಟಿದ್ದ. ಕೆಲಸವಿಲ್ಲದೆ ಕೂತರೆ ಕೈ ಜೋಮು ಹಿಡಿಯುತ್ತದೆ ಎಂದು ಈಗ ವಾರ್ಡಿನ ಹರಿದ ದಿಂಬಿನ ಕವರುಗಳನ್ನೆಲ್ಲ ತರಿಸಿಕೊಂಡಿದ್ದ.

ಹೊಸ ಹುಡುಗಿಗೆ ಅವನು ಇನ್ನೂ ಏನನ್ನೂ ಹೊಲಿದುಕೊಟ್ಟಿರಲಿಲ್ಲ. ಅವಳು ಕಾಲೇಜಿನಲ್ಲಿ ಕಲಿತ ಹಾಗೆ, ಅಜ್ಜ ಎಷ್ಟು ಗೋಗರೆದರೂ ಕೇಳದೆ, ತೊಡೆಗೆ ಚುಚ್ಚಿದ್ದಳು. ಗಂಟಿಗೆಂದು ಏರಿಸಿಟ್ಟ ಡೋಸು, ಒಳ್ಳೆಯ ಜಾಗಕ್ಕೆ. ಪೂರ್ತಿ ಔಷಧಿ ಒಂದೇ ಸಲ ಕೆಲಸ ಮಾಡಿತ್ತು.

ದೊಡ್ಡಕ್ಕನ ಎದೆಯ ಮೇಲಿನ ಕಲ್ಲೊಂದು ಜಾರಿಬಿತ್ತು. ಹುಡುಗಿ ತಪ್ಪು ಮಾಡಿ ಸಿಕ್ಕಿಹಾಕಿಕೊಂಡಿರಲಿಲ್ಲ. ಸರಿ ಮಾಡಿ ಸಿಕ್ಕಿಹಾಕಿಕೊಂಡಿದ್ದಳು.

ಡಾಕ್ಟರನ್ನು ಕರೆಸಿದಳು. ಅವರಿನ್ನೂ ಚಿಕ್ಕ ವಯಸ್ಸಿನವರು. ಅಜ್ಜ ಅವರನ್ನು ಮರಿ ಡಾಕ್ಟರು ಎನ್ನುತ್ತಿದ್ದ, ಅವರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅವರು ಗಂಟನ್ನು ಒಮ್ಮೆ ಒತ್ತಿದರು, ತೊಡೆಯನ್ನು ಒಮ್ಮೆ ನೋಡಿದರು, ಆಮೇಲೆ ದೊಡ್ಡಕ್ಕನ ಮುಖ ನೋಡಿದರು. ಮೂರು ವಾಕ್ಯ ಹೇಳಬೇಕೆಂದುಕೊಂಡಿದ್ದ ಅವಳಿಗೆ ಒಂದನ್ನೂ ಹೇಳುವ ಅಗತ್ಯ ಬೀಳಲಿಲ್ಲ.

"ಬಂದ ದಿನ ನಾನೇ ಇದನ್ನ ಮುಟ್ಟಿ ನೋಡಬೇಕಿತ್ತು. ಸಕ್ಕರೆ ಜಾಸ್ತಿ ಇದೆ ಅಂತ ಡೋಸ್ ಏರಿಸಿದವನೂ ನಾನೇ" ಎಂದರು ಅವರು.

ಬೆಳಗಿನ ಡೋಸನ್ನು ಅರ್ಧಕ್ಕಿಳಿಸಿದರು. ಮಧ್ಯಾಹ್ನದ ಸೂಜಿ ಇವತ್ತು ಬೇಡವೇ ಬೇಡ, ಊಟಕ್ಕೆ ಮುಂಚೆ ಮತ್ತೆ ಸಕ್ಕರೆ ನೋಡೋಣ ಎಂದರು. ದೊಡ್ಡಕ್ಕ ತಾನೇ ಸಿರಿಂಜಿಗೆ ಎಳೆದಳು, ಡಾಕ್ಟರ ಕಣ್ಣ ಮುಂದೆ ಹಿಡಿದು ಅವರ ಬಾಯಿಂದಲೇ ಎಷ್ಟು ಎಂದು ಹೇಳಿಸಿದಳು, ಅಜ್ಜನ ತೊಡೆಗೆ ಚುಚ್ಚಿದಳು. ಅಜ್ಜ ಅಯ್ಯಪ್ಪಾ ಎಂದು ಕಿರುಚಿದ್ದು ವಾರ್ಡಿನ ಆ ತುದಿಗೂ ಕೇಳಿಸಿತು. ಸೂಜಿಯ ಕಸುಬಿನಲ್ಲೇ ತಲೆ ಬೆಳ್ಳಗಾದವನಿಗೆ ಸೂಜಿ ಕಂಡರೆ ಇಷ್ಟು ಹೆದರಿಕೆಯಾ ಎಂದು ಪಕ್ಕದ ಮಂಚದವನು ನಕ್ಕ.

ಮಧ್ಯಾಹ್ನ ಊಟದ ಗಾಡಿ ಬರುವ ಮೊದಲು ಸಕ್ಕರೆ ನೋಡಿದರೆ, ಎಲ್ಲಿರಬೇಕೋ ಅಲ್ಲೇ ಇತ್ತು. ಏರಿಲ್ಲ, ಇಳಿದಿಲ್ಲ. ಮರಿ ಡಾಕ್ಟರು ಯಂತ್ರವನ್ನು ದೊಡ್ಡಕ್ಕನ ಕಡೆ ತಿರುಗಿಸಿ ತೋರಿಸಿದರು. ಇಬ್ಬರಿಗೂ ಖುಷಿ ತಡೆಯಲಾಗಲಿಲ್ಲ.

ಅಲ್ಲಿಂದ ಅವಳು ನೇರವಾಗಿ ಮೇಲ್ವಿಚಾರಕಿಯ ಕೋಣೆಗೆ ಹೋದಳು. ಹೊರಗಿನ ಬೆಂಚಿನ ಮೇಲೆ ಹೊಸ ಹುಡುಗಿ ಕೂತಿದ್ದಳು. ಯೂನಿಫಾರ್ಮ್ ಇಸ್ತ್ರಿ ಮಾಡಿಕೊಂಡು ಬಂದಿದ್ದಳು, ಕಳಿಸುವುದಾದರೆ ಮರ್ಯಾದೆಯಿಂದ ಕಳಿಸಲಿ ಎಂಬಂತೆ. ದೊಡ್ಡಕ್ಕ ಅವಳ ತಲೆಯ ಮೇಲೆ ಮೆಲ್ಲಗೆ ಒಂದು ಏಟು ಕೊಟ್ಟು ಒಳಗೆ ಹೋದಳು.

ಮೇಲ್ವಿಚಾರಕಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ದನಿ ಎತ್ತರಿಸಿ ಮಾತಾಡುವವರಲ್ಲ. ಮೇಜಿನ ಮೇಲೆ ಒಂದು ಗ್ಲಾಸು ನೀರು ಬಿಟ್ಟರೆ ಏನನ್ನೂ ಇಟ್ಟುಕೊಳ್ಳುವವರಲ್ಲ. ಬಿಳಿ ಕೋಟಿನ ಕಾಲರ್ ಒಂದು ದಿನವೂ ಸುಕ್ಕಾದದ್ದನ್ನು ಯಾರೂ ಕಂಡಿರಲಿಲ್ಲ.

ದೊಡ್ಡಕ್ಕ ಗಂಟಿನ ವಿಷಯವೆಲ್ಲ ಹೇಳಿದಳು. ಮೇಡಂ ಮಧ್ಯೆ ಬಾಯಿ ಹಾಕದೆ ಕೇಳಿದರು.

"ಗಂಟು ಇದೆ, ಒಪ್ಪಿದೆ. ಆ ಹುಡುಗಿ ಜಾಸ್ತಿ ಎಳೆದಿಲ್ಲ ಅನ್ನೋದಕ್ಕೆ ಅದು ಹೇಗೆ ಸಾಕ್ಷಿ? ಗಂಟೂ ಇರಬಹುದು, ಅವಳೂ ತಪ್ಪು ಮಾಡಿರಬಹುದು."

"ಇವತ್ತು ಅರ್ಧ ಡೋಸಿಗೇ ಸಕ್ಕರೆ ಸರಿಯಾಗಿ ಕೂತಿದೆ, ಮೇಡಂ. ಅಂದ್ಮೇಲೆ ಪೂರ್ತಿ ಡೋಸು ಒಳ್ಳೆ ಜಾಗಕ್ಕೆ ಹೋದ್ರೆ ಮೊನ್ನೆ ಆದ ಹಾಗೇ ಆಗುತ್ತೆ. ಅದಕ್ಕೆ ಯಾರೂ ಜಾಸ್ತಿ ಎಳೀಬೇಕಾಗಿಲ್ಲ."

"ಎಳೆದದ್ದನ್ನ ಇನ್ನೊಬ್ಬರಿಗೆ ತೋರಿಸಬೇಕು ಅಂತ ನಿಯಮ ಇದೆ. ತೋರಿಸಿದಾಳಾ?"

ಇದು ಕಾಲು ಜಾರುವ ಜಾಗ ಎಂದು ದೊಡ್ಡಕ್ಕನಿಗೆ ಗೊತ್ತಿತ್ತು. ಹುಡುಗಿ ತೋರಿಸಿದ್ದು ನಿಜ. ಆದರೆ ಜೊತೆಯ ನರ್ಸ್ ಆಗ ವಾಂತಿ ಮಾಡುತ್ತಿದ್ದ ರೋಗಿಯೊಬ್ಬನನ್ನು ಹಿಡಿದುಕೊಂಡು ನಿಂತಿದ್ದಳು. ತಿರುಗಿಯೂ ನೋಡದೆ ಹೂಂ ಎಂದಿದ್ದಳು. ದೊಡ್ಡಕ್ಕ ಅದನ್ನು ಮುಚ್ಚಿಡಲಿಲ್ಲ. ನೋಡದೆ ಹೂಂ ಅನ್ನುವುದು ನಮ್ಮ ವಾರ್ಡಿನ ಚಾಳಿ, ಅಜ್ಜ ಬೆರಳಿಟ್ಟ ಕಡೆ ಚುಚ್ಚುವುದೂ ನಮ್ಮ ವಾರ್ಡಿನ ಚಾಳಿ, ಅದನ್ನೆಲ್ಲ ಮೊನ್ನೆ ಬಂದವಳ ತಲೆಗೆ ಕಟ್ಟುವುದು ಬೇಡ ಎಂದಳು.

ಮೇಡಂ ನೀರಿನ ಗ್ಲಾಸನ್ನು ಒಂದಿಷ್ಟು ಆಚೆ ಸರಿಸಿದರು. ಆಮೇಲೆ ಮತ್ತೆ ಈಚೆ ಸರಿಸಿದರು.

"ನೀನು ಜವಾಬ್ದಾರಿ ತಗೋತೀಯಾ?"

"ತಗೋತೀನಿ. ನನ್ನ ಲೆಕ್ಕ ತಪ್ಪಾಗಿದ್ರೆ ಅವಳ ಜೊತೆ ನನ್ನನ್ನೂ ಕಳಿಸಿ."

ಹೇಳಿದ ಮೇಲೆ ಅವಳಿಗೇ ಸ್ವಲ್ಪ ಹೆಚ್ಚಾಯಿತೇನೋ ಅನ್ನಿಸಿತು. ಮೇಡಂ ಮುಖ ನೋಡಲು ಸಂಕೋಚವಾಗಿ ಅವರ ಕಾಲರ್ ನೋಡುತ್ತ ಕೂತಳು. ಕಾಲರಿನ ಅಂಚಿಗೆ ಸಣ್ಣ ಸಣ್ಣ ಕೈಹೊಲಿಗೆ ಹಾಕಿತ್ತು. ಜೋಡಿ ಜೋಡಿಯಾಗಿ, ಸ್ವಲ್ಪ ಓರೆಯಾಗಿ, ಒಂದರ ಪಕ್ಕ ಒಂದು. ಈ ಹೊಲಿಗೆಯನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡಳು. ಅಜ್ಜನ ದಿಂಬಿನ ಕವರು ನೆನಪಾಯಿತು. ಭಲೇ ಮುದುಕ, ಮೇಡಂ ಕಾಲರನ್ನೂ ಬಿಟ್ಟಿಲ್ಲ ಎಂದು ಮನಸ್ಸಿನಲ್ಲೇ ನಕ್ಕಳು.

ಹುಡುಗಿಯನ್ನು ಒಳಗೆ ಕರೆಸಿದರು. ಗಂಟನ್ನು ನೋಡಿದ್ದೆಯಾ ಎಂದು ಮೇಡಂ ಕೇಳಿದ್ದಕ್ಕೆ, ಕೈಗೆ ಸಿಕ್ಕಿತ್ತು, ಅದಕ್ಕೇ ಅಲ್ಲಿ ಚುಚ್ಚಲಿಲ್ಲ ಎಂದಳು. ಮತ್ತೆ ಡಾಕ್ಟರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದರು. ನಾನು ಹೊಸಬಳು, ಎಲ್ಲರೂ ದಿನವೂ ನೋಡುವ ಗಂಟು, ಅವರಿಗೆ ಗೊತ್ತೇ ಇರುತ್ತದೆ ಅಂದುಕೊಂಡೆ ಎಂದಳು.

"ಗೊತ್ತೇ ಇರುತ್ತೆ ಅಂದ್ಕೊಳ್ಳೋದಿದೆಯಲ್ಲ, ಅದೇ ನಿನ್ನ ತಪ್ಪು" ಎಂದಳು ದೊಡ್ಡಕ್ಕ. "ಕಣ್ಣಿಗೆ ಬಿದ್ದದ್ದನ್ನ ಬಾಯಿ ಬಿಟ್ಟು ಹೇಳೋವರೆಗೂ ನಮ್ಮ ಕೆಲಸ ಅರ್ಧ ಕಣೇ."

ಹುಡುಗಿ ತಲೆಯಾಡಿಸಿದಳು. ಮೇಡಂ ಅವಳಿಗೆ ನಾಳೆಯಿಂದ ಅದೇ ವಾರ್ಡಿಗೆ ಬಾ ಎಂದರು, ಆಮೇಲೆ ನಾಳೆ ಯಾಕೆ, ಈಗಲೇ ಹೋಗು ಎಂದರು. ಹುಡುಗಿ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು.

ಹೊರಡುವಾಗ ಮೇಡಂ ತಾವೂ ಎದ್ದರು. ಬಹಳ ದಿನವಾಯಿತು ವಾರ್ಡಿನ ಕಡೆ ಬಂದು, ಒಂದು ಸುತ್ತು ಹಾಕುತ್ತೇನೆ, ನೀನು ಹೋಗಿ ಊಟ ಮಾಡು ಎಂದರು. ಅಷ್ಟು ಅಕ್ಕರೆಯಿಂದ ಅವರು ಮಾತಾಡಿದ್ದು ದೊಡ್ಡಕ್ಕನಿಗೆ ನೆನಪಿಲ್ಲ.

ಡಬ್ಬಿಯ ಅನ್ನ ಆರಿಹೋಗಿತ್ತು. ಆದರೂ ಎಷ್ಟೋ ದಿನದ ನಂತರ ಊಟ ರುಚಿಸಿತು. ವಾರ್ಡಿನ ಹಿಂದಿನ ಸಣ್ಣ ಕೋಣೆಯಲ್ಲಿ ಕಾಲು ಚಾಚಿ ಕೂತು, ಮೊಸರನ್ನು ಡಬ್ಬಿಯ ಮೂಲೆಮೂಲೆಯಿಂದ ಒರೆಸಿ ತಿಂದಳು. ಆಚೆ ಬಟ್ಟೆ ಒಗೆಯುವ ಯಂತ್ರ ಗುಡುಗುಡು ಅನ್ನುತ್ತಿತ್ತು. ಕಿಟಕಿಯಿಂದ ಬಿಸಿಲು ಬಂದು ಪಾದ ಬೆಚ್ಚಗಾಗುತ್ತಿತ್ತು. ಹುಡುಗಿ ಯಾರದೋ ಜೊತೆ ಗಟ್ಟಿಯಾಗಿ ನಗುವುದು ಕೇಳಿಸುತ್ತಿತ್ತು. ಈ ಕೆಲಸದಲ್ಲಿ ಬೈಗುಳ ಬಹಳ, ನೆಮ್ಮದಿ ಅಪರೂಪ. ಸಿಕ್ಕಿದಾಗ ಪೂರ್ತಿ ಅನುಭವಿಸಬೇಕು ಎನ್ನುವವಳು ಅವಳು.

ಊಟ ಮುಗಿಸಿ, ಕೊನೆಯ ಮಂಚದವನ ಡ್ರೆಸ್ಸಿಂಗ್ ಬದಲಿಸಿ, ಅಜ್ಜನಿಗೆ ಸುದ್ದಿ ಹೇಳಲೆಂದು ಬಂದಳು. ಅವನಿಗೆ ಸಂತೋಷವಾಗುತ್ತದೆ, ಮೊನ್ನೆಯಿಂದ ಆ ಹುಡುಗಿಯನ್ನು ಬಯ್ಯಬೇಡಿ ಎಂದು ಹೇಳುತ್ತಲೇ ಇದ್ದ. ಅಜ್ಜ ದಿಂಬಿಗೆ ಒರಗಿ ಹೊಲಿಯುತ್ತಿದ್ದ. ಊಟದ ತಟ್ಟೆ ಖಾಲಿಯಾಗಿತ್ತು.

"ಹುಡುಗಿ ಉಳ್ಕೊಂಡಳು ಅಜ್ಜ" ಎಂದಳು.

"ಒಳ್ಳೇದಾಯ್ತು" ಎಂದ ಅಜ್ಜ. ಆ ಒಂದು ಮಾತು ಹೇಳಲು ಅವನಿಗೆ ಹೆಚ್ಚು ಹೊತ್ತು ಹಿಡಿಯಿತು.

ದೊಡ್ಡಕ್ಕನ ಕಣ್ಣು ಅವನ ಕೈಯಲ್ಲಿದ್ದ ಬಟ್ಟೆಯ ಮೇಲೆ ಬಿತ್ತು. ಕವರಿನ ಅಂಚಿನ ಹೊಲಿಗೆ ಮೊದಲ ಗೇಣಿನವರೆಗೆ ಎಂದಿನಂತೆ ಜೋಡಿ ಜೋಡಿಯಾಗಿ ಬಂದಿತ್ತು. ಆಮೇಲೆ ಒಂದು ದೊಡ್ಡದು, ಒಂದು ಚಿಕ್ಕದು. ಅಲ್ಲಿಂದ ಮುಂದೆ ಹೊಲಿಗೆ ಅಂಚನ್ನೇ ಬಿಟ್ಟು ಬಟ್ಟೆಯ ನಡುವಿಗೆ ನಡೆದುಬಿಟ್ಟಿತ್ತು. ಸೂಜಿ ಇನ್ನೂ ಚಲಿಸುತ್ತಿತ್ತು, ಅಜ್ಜನಿಗೆ ಅದರ ಗಮನವೇ ಇರಲಿಲ್ಲ.

ಅವಳು ಸೂಜಿ ತೆಗೆದುಕೊಂಡಳು. ಹಣೆ ಮುಟ್ಟಿದಳು, ತಣ್ಣಗೆ ಒದ್ದೆಯಾಗಿತ್ತು. ಬೆರಳಿನ ಒಂದು ಹನಿ ರಕ್ತ ಯಂತ್ರಕ್ಕೆ ಕೊಟ್ಟಳು. ಸಕ್ಕರೆ ಇಳಿದಿತ್ತು. ಊಟ ಮಾಡಿದ್ದಾನೆ, ಮಧ್ಯಾಹ್ನದ ಸೂಜಿ ಕೊಟ್ಟಿಲ್ಲ, ಆದರೂ ಇಳಿದಿತ್ತು.

ಯಾಕೆ ಎಂದು ಯೋಚಿಸುವ ಹೊತ್ತು ಅದಲ್ಲ. ಅಜ್ಜನಿಗೆ ಎಚ್ಚರವಿತ್ತು, ನುಂಗಲು ಬರುತ್ತಿತ್ತು. ಎತ್ತಿ ಕೂರಿಸಿ ಗಟ್ಟಿಯಾಗಿ ಕಲಸಿದ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಡಾಕ್ಟರಿಗೆ ಹೇಳಿಕಳಿಸಿದಳು. ಅವರು ಇನ್ನೊಂದು ವಾರ್ಡಿನಲ್ಲಿ ಸಿಕ್ಕಿಕೊಂಡಿದ್ದರು, ಬಂದೆ ಎಂದು ಹೇಳಿಕಳಿಸಿದರು. ಅವಳು ಅಜ್ಜನ ಮಣಿಕಟ್ಟು ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕೂತಳು, ಏಳಲಿಲ್ಲ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದಳು. ಸಕ್ಕರೆ ಮೇಲೇರತೊಡಗಿತ್ತು. ಅಜ್ಜ ಕಣ್ಣು ಪಿಳುಕಿಸಿ, ತೊಡೆಯ ಮೇಲಿದ್ದ ಕವರಿನ ಹೊಲಿಗೆ ನೋಡಿ, ಇದ್ಯಾವನು ಕಣ್ಣಿಲ್ಲದವನು ಹೊಲಿದದ್ದು ಎಂದು ಕೇಳಿದ.

ಆಗ ಅವಳಿಗೆ ಹೋದ ಜೀವ ಬಂದಂತಾಯಿತು. ಈಗ ಯೋಚನೆ ಮಾಡಬಹುದಿತ್ತು.

ಯೋಚಿಸುವ ಬದಲು ಅಂಗಿ ಎತ್ತಿ ನೋಡಿದಳು. ಹೊಕ್ಕುಳ ಬಲಕ್ಕೆ, ಗಂಟಿನ ನೆತ್ತಿಯ ಮೇಲೆ, ಚಿಕ್ಕದೊಂದು ಕೆಂಪು ಚುಕ್ಕೆ. ಬೆಳಗ್ಗೆ ಅವಳು ಮುಟ್ಟಿ ನೋಡಿದಾಗ ಅದು ಇರಲಿಲ್ಲ. ಅಂಗಿಯ ಒಳಮೈಯಲ್ಲಿ ಅದಕ್ಕೆ ಸರಿಯಾಗಿ ಇನ್ನೊಂದು ಚುಕ್ಕೆ, ಪೂರ್ತಿ ಒಣಗಿರಲಿಲ್ಲ.

ಅಜ್ಜಿ ಇವತ್ತು ಬಂದೇ ಇಲ್ಲ. ಮಂಡಿ ಹಿಡಿದುಕೊಂಡಿದೆ, ಮನೆಯಲ್ಲೇ ಇದ್ದೇನೆ ಎಂದು ಬೆಳಗ್ಗೆ ಫೋನ್ ಮಾಡಿದ್ದಳು.

"ಅಜ್ಜ, ಇಲ್ಲಿ ಯಾರು ಚುಚ್ಚಿದ್ದು?"

ಅಜ್ಜ ಅಂಗಿಯನ್ನು ಮೆಲ್ಲಗೆ ಕೆಳಗೆಳೆದುಕೊಂಡ.

"ಅವಳನ್ನ ಬೈಬೇಡಮ್ಮ. ನಾನೇ ಕೇಳ್ಕೊಂಡಿದ್ದು. ಮಧ್ಯಾಹ್ನದ ಸೂಜಿ ನೀವ್ಯಾರೂ ಕೊಡ್ಲೇ ಇಲ್ಲ, ಮರೆತುಬಿಟ್ರಿ ಅಂದ್ಕೊಂಡೆ. ಅವಳಾದ್ರೆ ನೋವಾಗದ ಕಡೆ ಕೊಡ್ತಾಳೆ."

"ಅವಳು ಅಂದ್ರೆ ಯಾರು?"

"ಹೇಳಲ್ಲ ಅಂತ ಮಾತು ಕೊಟ್ಟಿದೀನಿ." ಅಜ್ಜ ತಪ್ಪು ಮಾಡಿದ ಮಗುವಿನ ಹಾಗೆ ಮುಖ ಮಾಡಿಕೊಂಡ. "ಮೊನ್ನೇನೂ ಹೀಗೇ ಚುಚ್ಚಿಸ್ಕೊಂಡು ಮಾತು ಕೊಟ್ಟಿದ್ದೆ."

ಮೊನ್ನೆಯೂ.

ದೊಡ್ಡಕ್ಕನ ಕೈ ಅಂಗಿಯ ಮೇಲೆ ಹಾಗೇ ನಿಂತಿತು. ಮೊನ್ನೆ ಅಜ್ಜನಿಗೆ ಬಿದ್ದದ್ದು ಒಂದು ಸೂಜಿ ಅಲ್ಲ, ಎರಡು. ಬೆಳಗಿನಿಂದ ಅವಳು ಜೋಡಿಸಿದ್ದೆಲ್ಲ, ಜಂಬದಿಂದ ಮೇಡಂ ಮುಂದೆ ಇಟ್ಟದ್ದೆಲ್ಲ, ಅರ್ಧ ಮಾತ್ರ ನಿಜ. ಉಳಿದರ್ಧ ಯಾರದ್ದೋ ಜೇಬಿನಲ್ಲಿ ಸಿರಿಂಜಾಗಿ ಓಡಾಡುತ್ತಿತ್ತು. ತನ್ನ ಲೆಕ್ಕ ತಪ್ಪಾಗಿದ್ದರೆ ಹುಡುಗಿಯ ಜೊತೆ ತನ್ನನ್ನೂ ಕಳಿಸಿ ಎಂದು ಅವಳೇ ಹೇಳಿ ಬಂದಿದ್ದಳು.

ಅಜ್ಜ ಅವಳ ಭುಜದಾಚೆ ಬಾಗಿಲ ಕಡೆ ನೋಡಿ ಮುಗುಳ್ನಕ್ಕ. ತನ್ನವರನ್ನು ಕಂಡಾಗ ನಗುವ ನಗು ಅದು.

ದೊಡ್ಡಕ್ಕ ತಿರುಗಿದಳು. ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಮುಂದೆ ಹೊಸ ಹುಡುಗಿ, ಹಿಂದೆ ಮೇಡಂ.

ಮಂಚದ ಪಕ್ಕದ ಸಕ್ಕರೆ ನೀರಿನ ಲೋಟ ಕಂಡದ್ದೇ ಹುಡುಗಿಯ ಮುಖದ ನಗು ಆರಿಹೋಯಿತು. ಓಡಿ ಬಂದು ಅಜ್ಜನ ಕೈ ಹಿಡಿದುಕೊಂಡಳು. "ಅಕ್ಕ, ಅಜ್ಜನಿಗೆ ಏನಾಯ್ತು? ಮತ್ತೆ ಇಳೀತಾ? ಎಷ್ಟಿದೆ ಈಗ?" ಎಂದು ಒಂದರ ಮೇಲೊಂದು ಕೇಳತೊಡಗಿದಳು.

ಮೇಡಂ ಬಾಗಿಲಲ್ಲೇ ನಿಂತಿದ್ದರು, ಕಾಲರಿನ ಅಂಚಿನಲ್ಲಿ ಅಜ್ಜನ ಜೋಡಿ ಹೊಲಿಗೆ. ಅವರ ನೋಟ ಅಜ್ಜನ ಮುಖದ ಮೇಲೆ ಇರಲಿಲ್ಲ, ಲೋಟದ ಮೇಲೂ ಇರಲಿಲ್ಲ. ಅಂಗಿಯ ಬಲಗಡೆ, ದೊಡ್ಡಕ್ಕನ ಕೈ ಇನ್ನೂ ಇದ್ದ ಕಡೆ ಇತ್ತು.

ಏನಾಯಿತು ಎಂದು ಅವರು ಕೇಳಲೇ ಇಲ್ಲ.